ವಿಮಾನದ ಪಾಯಿಂಟ್ ಕೊಳ್ಳುವ ಮೊದಲು ಮೂರು ಮನೆ ಸುತ್ತಿದ್ದು

ಶನಿವಾರ ಬೆಳಿಗ್ಗೆ ಲಕ್ಕೂರಿನಿಂದ ಮಾಲೂರಿಗೆ ಹೊರಟ ಸರ್ಕಾರಿ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜುಲೈ ತಿಂಗಳು. ಮಳೆ ಎಂದು ಹೇಳುವಂಥದ್ದೇನೂ ಇರಲಿಲ್ಲ; ಸೀರೆಯ ಸೆರಗು ತೇವವಾಗುವಷ್ಟು ತುಂತುರು, ಅದರ ಹಿಂದೆ ತಣ್ಣನೆಯ ಗಾಳಿ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಹರಿದುಕೊಟ್ಟರು. ಅದನ್ನು ಪರ್ಸಿಗೆ ಸೇರಿಸುತ್ತಿರುವಾಗಲೇ ಫೋನಿಗೆ ವಿಮಾನ ಕಂಪನಿಯ ಸಂದೇಶ ಬಂತು. ಪಾಯಿಂಟ್‌ಗಳನ್ನು ಕೊಂಡರೆ ಅದರ ಮೇಲೆ ಅರ್ಧದಷ್ಟು ಹೆಚ್ಚುವರಿ, ಭಾನುವಾರದವರೆಗೆ ಮಾತ್ರ ಎಂದಿತ್ತು. ಒಂದು ವಾರದಿಂದ ದಿನವೂ ಬರುತ್ತಿದ್ದ ಸಂದೇಶವೇ ಅದು. ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೇ ನಾನು ಅವತ್ತು ಮನೆ ಬಿಟ್ಟು ಹೊರಟಿದ್ದೆ.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ ಇದೆ. ಅಲ್ಲಿ ತಯಾರಾಗುವ ಪ್ಯಾಕಿಂಗ್ ಯಂತ್ರಗಳನ್ನು ಕೊಂಡವರ ಊರಿಗೆ ಹೋಗಿ ಜೋಡಿಸಿಕೊಡುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಇಂದೋರ್, ಪುಣೆ, ಗುವಾಹಟಿ ಎಂದು ಓಡಾಡುತ್ತಲೇ ಇರುತ್ತೇನೆ. ಒಂದೇ ಕಂಪನಿಯ ವಿಮಾನದಲ್ಲಿ ಮತ್ತೆ ಮತ್ತೆ ಹೋದರೆ ಪ್ರಯಾಣಿಕರ ಹೆಸರಿಗೆ ಪಾಯಿಂಟ್‌ಗಳು ಜಮಾ ಆಗುತ್ತವೆ. ಸಾಕಷ್ಟು ಸೇರಿದ ಮೇಲೆ ಅವನ್ನು ಕೊಟ್ಟು ಸೀಟು ತೆಗೆದುಕೊಳ್ಳಬಹುದು. ತೆರಿಗೆ ಮಾತ್ರ ಕೈಯಿಂದ ಕಟ್ಟಬೇಕು. ಕಡಿಮೆ ಬಿದ್ದರೆ ದುಡ್ಡು ಕೊಟ್ಟು ಪಾಯಿಂಟ್ ಕೊಳ್ಳಬಹುದು. ನನ್ನ ಬಳಿ ನಲವತ್ತೊಂದು ಸಾವಿರ ಇದ್ದವು. ಚಂಡೀಗಢಕ್ಕೆ ಇಬ್ಬರು ಹೋಗಿಬರಲು ಅಷ್ಟು ಸಾಕು, ನಾಲ್ವರಿಗೆ ಸಾಲದು. ಉಳಿದದ್ದನ್ನು ಕೊಳ್ಳಲು ಸುಮಾರು ಹದಿನೇಳು ಸಾವಿರ ರೂಪಾಯಿ ಬೇಕಿತ್ತು.

ಚಂಡೀಗಢ ಯಾಕೆಂದರೆ ಅಲ್ಲಿಂದ ಬಸ್ಸು ಹಿಡಿದರೆ ಶಿಮ್ಲಾದ ಕಡೆಯ ಸೇಬಿನ ತೋಟಗಳಿಗೆ ಹೋಗಬಹುದು. ಮೇ ತಿಂಗಳಲ್ಲಿ ಒಂದು ಮದುವೆಯ ಊಟ ಮುಗಿಸಿ ಕೂತಿದ್ದಾಗ ನಮ್ಮ ಚಿಕ್ಕಪ್ಪ ಒಂದು ಮಾತು ಹೇಳಿದ್ದರು. ಅವರು ಕೋಲಾರದ ಟೊಮೆಟೊ ಲೋಡನ್ನು ಲಾರಿಯಲ್ಲಿ ದೆಹಲಿಗೆ ಒಯ್ದು, ವಾಪಸ್ ಬರುವಾಗ ಸೇಬು ತುಂಬಿಕೊಂಡು ಬರುತ್ತಿದ್ದವರು. "ಅಷ್ಟು ವರ್ಷ ಆಪಲ್ ಹೊತ್ತಿದೀನಿ ಕಣಮ್ಮ, ಒಂದು ಸಲಾನೂ ಗಿಡ ನೋಡ್ಲಿಲ್ಲ" ಎಂದರು. ಪಕ್ಕದಲ್ಲಿದ್ದ ಅತ್ತೆ, ಎಂದರೆ ಅವರ ಅಕ್ಕ, ಶ್ರೀನಿವಾಸಪುರದ ಹತ್ತಿರ ಮಾವಿನ ತೋಪು ಇರುವವಳು, "ಅದು ಮಾವಿನಂಗೆ ತೂಗುತ್ತಾ, ಇಲ್ಲ ನೆಟ್ಟಗೆ ಕೂತ್ಕೊಂಡಿರುತ್ತಾ, ನಂಗೂ ನೋಡ್ಬೇಕು" ಎಂದಳು. ನನ್ನ ಅಕ್ಕ ಭಾಗ್ಯ "ನಾನೂ ಬರ್ತೀನಿ" ಎಂದು ನಕ್ಕಿದ್ದಳು. ಮೂವರೂ ವಿಮಾನ ಹತ್ತಿದವರಲ್ಲ. ಅವತ್ತಿನಿಂದ ನನಗೆ ಅದೇ ಗುಂಗು.

ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಶೈಲಜಾ ಮಾತ್ರ ಬೇಡವೆಂದೇ ಹೇಳಿದಳು. "ಇವತ್ತು ಎಂಟು ಸಾವಿರ ಪಾಯಿಂಟಿಗೆ ಕೊಡೋ ಸೀಟನ್ನ ನಾಳೆ ಹನ್ನೆರಡು ಸಾವಿರ ಅಂದ್ರೆ ಯಾರನ್ನ ಕೇಳ್ತೀಯ? ಹೋಗೋರು ಯಾರು, ಹೋಗೋದು ಯಾವತ್ತು, ಆವತ್ತು ಸೀಟು ಇದೆಯಾ, ಇಷ್ಟು ಗೊತ್ತಿದ್ರೆ ಮಾತ್ರ ಕೊಳ್ಳು. ಸುಮ್ನೆ ಇಟ್ಕೊಳ್ಳೋಕೆ ಕೊಳ್ಳಬೇಡ" ಎಂದಳು. ಅವಳ ಮಾತು ಸರಿಯಾಗಿತ್ತು. ಫೋನಿನಲ್ಲಿ ಕೇಳಿದರೆ ನಮ್ಮ ಮನೆಯವರು "ಆಗ್ಲಿ ನೋಡೋಣ" ಎನ್ನುತ್ತಾರೆ; ಅದರಿಂದ ಏನೂ ತಿಳಿಯುವುದಿಲ್ಲ. ಎದುರಿಗೆ ಕೂತೇ ಕೇಳಬೇಕೆಂದು ಎರಡು ದಿನದ ಬಟ್ಟೆ ಚೀಲಕ್ಕೆ ಹಾಕಿಕೊಂಡೆ.

ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿ ವಕ್ಕಲೇರಿಯಲ್ಲಿ ಇಳಿದಾಗ ತುಂತುರು ನಿಂತಿತ್ತು. ರಸ್ತೆಯ ಎರಡೂ ಕಡೆ ರಾಗಿ ಹೊಲಗಳನ್ನು ಉತ್ತು ಬಿಟ್ಟಿದ್ದರು. ಕೆಂಪು ಮಣ್ಣು ನೆನೆದು ಕಪ್ಪಗೆ ಕಾಣುತ್ತಿತ್ತು. ಭಾಗ್ಯಕ್ಕ ಡೈರಿಗೆ ಹಾಲು ಹಾಕಿಬಂದು ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ಕಂಡವಳೇ ಒಳಗೆ ಹೋಗಿ ರಾಗಿರೊಟ್ಟಿ ತಟ್ಟಿದಳು, ಹುಚ್ಚೆಳ್ಳು ಚಟ್ನಿ ಹಾಕಿದಳು. ತಿನ್ನುತ್ತಾ ವಿಷಯ ಹೇಳಿದೆ. ಸೆಪ್ಟೆಂಬರ್, ಐದು ದಿನ, ನಾಲ್ಕು ಜನ.

ಅಕ್ಕನ ಮನೆಯಲ್ಲಿ ಐದು ಹಸುಗಳಿವೆ. ಬೆಳಿಗ್ಗೆ, ಸಂಜೆ ಹಾಲು ಕರೆಯುವವಳು ಅವಳೇ. ಭಾವ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಹಸುಗಳಿಗೆ ಮೇವು ಹಾಕಲು, ಕೊಟ್ಟಿಗೆ ತೊಳೆಯಲು ಅವರದೇನೂ ತಕರಾರಿಲ್ಲ, ಆದರೆ ಕೆಚ್ಚಲಿಗೆ ಕೈ ಹಾಕಿದರೆ ಹಸುಗಳೇ ಒಪ್ಪುವುದಿಲ್ಲ. "ಪಕ್ಕದ್ಮನೆ ಸರೋಜ ಕರೀತಾಳೆ. ಅವಳು ಮಗಳ ಬಾಣಂತನಕ್ಕೆ ಹೋಗಿದ್ದಾಗ ಅವಳ ಹಸು ನಾನೇ ಕರೆದಿದ್ದೆ" ಎಂದಳು ಅಕ್ಕ. ಅಲ್ಲಿಗೆ ಆ ತೊಡಕು ಬಿಡಿಸಿದಂತಾಯಿತು. ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗಬ್ಬವಾಗಿದ್ದ ಒಂದು ಕಂದು ಹಸುವಿನ ಬೆನ್ನು ಸವರಿದಳು.

"ಇದು ಸೆಪ್ಟೆಂಬರ್‌ನಲ್ಲೇ ಈಯೋದು ಕಣೇ ಮಂಜು. ಯಾವತ್ತು ಅಂತ ಹೆಂಗೆ ಹೇಳ್ಲಿ? ಹೋದ್ಸಲ ಕಷ್ಟಪಟ್ಟು ಈಯ್ತು. ಇದು ಈಯೋವಾಗ ನಾನು ಬಿಟ್ಟು ಬರಲ್ಲ."

"ದಿನ ಬದಲಾಯಿಸಬಹುದಾ ನೋಡ್ತೀನಿ ಇರು" ಎಂದು ಅಲ್ಲೇ ಗೋಡೆಗೆ ಒರಗಿ ಫೋನಿನಲ್ಲಿ ಕಂಪನಿಯ ನಿಯಮಗಳನ್ನು ಓದಿದೆ. ಅದುವರೆಗೆ ನಾನು ಬೆಲೆಯನ್ನಷ್ಟೇ ನೋಡಿದ್ದೆ. ಪಾಯಿಂಟ್ ಕೊಂಡರೆ ದುಡ್ಡಿನ ಟಿಕೆಟ್‌ಗಿಂತ ಮೂರ್ನಾಲ್ಕು ಸಾವಿರ ಉಳಿಯುತ್ತಿತ್ತು, ಅಷ್ಟೇ. ಯಾವುದಾದರೂ ರಿಯಾಯಿತಿ ಮಾರಾಟ ಬಂದರೆ ಅದೂ ಉಳಿಯುವುದಿಲ್ಲ. ಆದರೆ ಅಗ್ಗದ ಟಿಕೆಟ್ ರದ್ದು ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ. ಪಾಯಿಂಟಿನ ಟಿಕೆಟ್ ರದ್ದು ಮಾಡಿದರೆ ಸಣ್ಣದೊಂದು ಶುಲ್ಕ ಹಿಡಿದುಕೊಂಡು ಪಾಯಿಂಟ್‌ಗಳನ್ನು ಹಾಗೇ ವಾಪಸ್ ಹಾಕುತ್ತಾರೆ. ಹಸು, ಮಾವು, ಮಳೆ ಹೇಳಿದ ಹಾಗೆ ಬದುಕುವವರಿಗೆ ದಿನ ಬದಲಾಯಿಸುವ ಅನುಕೂಲ ಅಗ್ಗದ ಬೆಲೆಗಿಂತ ದೊಡ್ಡದು ಎಂದು ನನಗೆ ಆ ಕೊಟ್ಟಿಗೆಯಲ್ಲಿ ಹೊಳೆಯಿತು.

ಅಕ್ಕನಿಗೆ ಅದನ್ನು ವಿವರಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ಬೇರೆಯದೇ ಪ್ರಶ್ನೆ ಕೇಳಿದಳು.

"ಈಗ ನಿನ್ನತ್ರ ಇರೋದ್ರಲ್ಲಿ ಎಷ್ಟು ಜನ ಹೋಗಬಹುದು?"

"ಇಬ್ಬರು. ನಾನು, ಇನ್ನೊಬ್ಬರು."

"ಹಂಗಾದ್ರೆ ಚಿಕ್ಕಪ್ಪನ್ನ ಕರ್ಕೊಂಡು ಹೋಗು. ನಾನು ಇನ್ಯಾವಾಗಾದ್ರೂ ಬರ್ತೀನಿ. ಅವರು ಆಪರೇಷನ್ ಆದಾಗಿಂದ ಲಾರಿ ಕಡೆ ತಿರುಗೂ ನೋಡಿಲ್ಲ ಗೊತ್ತಾ?"

ಇಷ್ಟು ಹೇಳಿ ಅವಳು ಕಂದು ಹಸುವಿಗೆ ನೀರು ತರಲು ಹೋದಳು. ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಹತ್ತಿಸುವಾಗಲೂ ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.

ಕೋಲಾರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾದೆ. ಮುಳಬಾಗಿಲಿನ ಬಸ್ಸು ಟೊಮೆಟೊ ಮಾರುಕಟ್ಟೆಯಿಂದ ಬಂದವರಿಂದ ತುಂಬಿಹೋಗಿತ್ತು. ಎಲ್ಲರ ಬಾಯಲ್ಲೂ ಅವತ್ತಿನ ಬಾಕ್ಸಿನ ರೇಟು. ಒಬ್ಬರು ಕನ್ನಡದಲ್ಲಿ ಶುರುಮಾಡಿದ ಮಾತನ್ನು ಇನ್ನೊಬ್ಬರು ತೆಲುಗಿನಲ್ಲಿ ಮುಗಿಸುತ್ತಿದ್ದರು. ಹೆದ್ದಾರಿಯ ಪಕ್ಕದ ಬಂಡೆಗುಡ್ಡಗಳು ಮೋಡದ ಕೆಳಗೆ ನೀಲಿಯಾಗಿದ್ದವು. ಎಷ್ಟೋ ಸಲ ನೋಡಿದ ಗುಡ್ಡಗಳೇ ಆದರೂ ಕಿಟಕಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಒಂದರ ಮೇಲೊಂದು ಕೂತ ಆ ಗುಂಡುಗಳನ್ನು ಯಾವ ಗಾಳಿಯೂ ಇನ್ನೂ ಉರುಳಿಸಿಲ್ಲ.

ದೇವರಾಯಸಮುದ್ರದಲ್ಲಿ ಇಳಿದು ಚಿಕ್ಕಪ್ಪನ ಮನೆಗೆ ನಡೆದೆ. ಅವರ ಹೆಸರು ಮುನಿರಾಜು. ಹೋದ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಅಲ್ಲಿಗೆ ಲಾರಿ ಬಿಟ್ಟರು. ಈಗ ದಿನಕ್ಕೆರಡು ಸಲ ಕೆರೆ ಏರಿಯ ಮೇಲೆ ನಡೆಯುತ್ತಾರೆ. ನಾನು ಹೋದಾಗ ಅವರು ವಾಕಿಂಗಿಗೆ ಹೊರಡುವ ಹೊತ್ತು. "ಬಾಮ್ಮ, ನಡೀತಾನೇ ಮಾತಾಡೋಣ" ಎಂದರು.

ಕೆರೆಯಲ್ಲಿ ನೀರಿತ್ತು. ಗಾಳಿಗೆ ಸಣ್ಣ ಅಲೆಗಳು ಏರಿಯ ಕಲ್ಲುಗಳಿಗೆ ಬಂದು ಬಡಿಯುತ್ತಿದ್ದವು, ಬೆಳ್ಳಕ್ಕಿಗಳು ಆಚೆ ದಡದಲ್ಲಿ ನಿಂತಿದ್ದವು. ಚಿಕ್ಕಪ್ಪ ನಿಧಾನವಾಗಿ ನಡೆಯುತ್ತಾ ಹಳೆಯ ರಸ್ತೆಗಳ ಮಾತು ತೆಗೆದರು. ಟೊಮೆಟೊ ಹಾಳಾಗಬಾರದೆಂದು ಇಬ್ಬರು ಡ್ರೈವರುಗಳು ಸರದಿಯ ಮೇಲೆ ಓಡಿಸುತ್ತಿದ್ದರಂತೆ. ನಾಗಪುರ ದಾಟಿದ ಮೇಲೆ ಚಹಾದ ರುಚಿ ಬದಲಾಗುತ್ತಿತ್ತಂತೆ. ವಾಪಸ್ ಬರುವಾಗ ಸೇಬಿನ ವಾಸನೆ ಕ್ಯಾಬಿನ್ನಿಗೆಲ್ಲ ಅಡರಿ, ಮನೆಗೆ ಬಂದ ಮೇಲೂ ಬಟ್ಟೆ ಬಿಟ್ಟು ಹೋಗುತ್ತಿರಲಿಲ್ಲವಂತೆ.

"ಒಂದ್ಸಲ ದೆಹಲೀಲಿ ಆಪಲ್ ತಂದಿದ್ದ ಆ ಕಡೆ ಡ್ರೈವರ್ ಒಬ್ಬ, ನಮ್ಮೂರಿಗೆ ಬಾ, ಮನೆ ಮುಂದೇನೇ ಗಿಡ ಇದೆ ಅಂತ ಕರೆದ. ಇಲ್ಲಿಂದ ಒಂದು ದಿನದ ದಾರಿ ಅಂದ. ಲೋಡು ಇತ್ತಲ್ಲಮ್ಮ, ಹೆಂಗೆ ಹೋಗೋದು?" ಎಂದರು.

ನಾನು ವಿಮಾನದ ಮಾತು ಹೇಳಿದೆ. ಅವರು ನಡೆಯುವುದನ್ನು ನಿಲ್ಲಿಸಿ ನೀರನ್ನು ನೋಡುತ್ತಾ ನಿಂತರು. ಅಕ್ಕ ಹೇಳಿದ್ದನ್ನೂ ತಿಳಿಸಿದೆ. ಇಬ್ಬರ ಪಾಯಿಂಟು ಇದೆ, ನಿಮ್ಮನ್ನೇ ಕರೆದುಕೊಂಡು ಹೋಗು ಅಂದಿದಾಳೆ ಎಂದೆ.

"ನಾನು ಅರ್ಧ ಇಂಡಿಯಾ ನೋಡಿದೋನು. ನಮ್ಮಕ್ಕ ತಿರುಪತಿ ದಾಟಿ ಹೋಗಿಲ್ಲ. ಒಂದೇ ಸೀಟು ಅಂದ್ರೆ ಅವಳನ್ನ ಕರ್ಕೊಂಡು ಹೋಗು" ಎಂದರು ಚಿಕ್ಕಪ್ಪ. ಆಮೇಲೆ ಮಾತು ಬೇರೆ ಕಡೆಗೆ ತಿರುಗಿಸಿದರು.

ಅವರು ಸ್ನಾನಕ್ಕೆ ಹೋದಾಗ ಚಿಕ್ಕಮ್ಮ ಅಡಿಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. "ಹೋದ ತಿಂಗಳು ಕೋಲಾರದಲ್ಲಿ ಚೆಕಪ್ಪಿಗೆ ಹೋಗಿದ್ವಲ್ಲ, ಡಾಕ್ಟ್ರನ್ನ ಕೇಳಿದ್ರು, ಪ್ಲೇನಲ್ಲಿ ಹೋಗಬಹುದಾ ಅಂತ. ಧಾರಾಳವಾಗಿ ಹೋಗಿ, ಬೆಟ್ಟದ ಮೇಲೆ ಮಾತ್ರ ಆತುರವಾಗಿ ಹತ್ತಬೇಡಿ ಅಂದ್ರು. ಯಾಕೆ ಕೇಳಿದ್ರಿ ಅಂದ್ರೆ ನಂಗೆ ಉತ್ತರಾನೇ ಕೊಡ್ಲಿಲ್ಲ." ನಾನು ಕರೆಯುವ ಮೊದಲೇ ಅವರು ಡಾಕ್ಟರ ಅಪ್ಪಣೆ ಪಡೆದಿದ್ದರು, ಕರೆದಾಗ ಆ ಸೀಟನ್ನು ತಮ್ಮ ಅಕ್ಕನಿಗೆ ಬಿಟ್ಟುಕೊಟ್ಟಿದ್ದರು. ನೀವೂ ಬರುತ್ತೀರಾ ಎಂದು ಚಿಕ್ಕಮ್ಮನನ್ನು ಕೇಳಿದೆ. "ನಂಗೆ ಬಸ್ಸಲ್ಲೇ ವಾಂತಿ ಬರುತ್ತೆ, ಬೆಟ್ಟದ ತಿರುವು ಬೇಡಮ್ಮ. ಅವರನ್ನ ಕರ್ಕೊಂಡು ಹೋದ್ರೆ ಸಾಕು" ಎಂದಳು.

ಭಾನುವಾರ ಬೆಳಿಗ್ಗೆ ಮುಳಬಾಗಿಲಿಗೆ ಹೋಗಿ ದೋಸೆ ತಿಂದೆ. ಅಲ್ಲಿಗೆ ಹೋಗಿ ದೋಸೆ ತಿನ್ನದೆ ಬಂದೆನೆಂದರೆ ಕಾರ್ಖಾನೆಯಲ್ಲಿ ಯಾರೂ ನಂಬುವುದಿಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯ ಇಟ್ಟು ಮೇಲೆ ತುಪ್ಪ ಬಿಟ್ಟಿದ್ದರು. ಎರಡನೆಯದನ್ನೂ ಹೇಳಿದೆ. ಎದುರಿಗೆ ಕೂತಿದ್ದ ದಂಪತಿ ಆಂಧ್ರದ ಗಡಿಯಾಚೆಯಿಂದ ದೋಸೆಗೆಂದೇ ಬೈಕಿನಲ್ಲಿ ಬಂದಿದ್ದರು.

ಶ್ರೀನಿವಾಸಪುರದ ಕಡೆಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಖಾಸಗಿ ಬಸ್ಸು. ನಲವತ್ತೈದು ರೂಪಾಯಿ ಕೊಟ್ಟೆ. ಮಾವಿನ ತೋಪುಗಳು ಶುರುವಾದ ಮೇಲೆ ರಸ್ತೆ ಎಷ್ಟು ತಿರುಗಿದರೂ ಅವು ಮುಗಿಯಲೇ ಇಲ್ಲ. ಸುಗ್ಗಿ ಮುಗಿದಿತ್ತು. ಅಲ್ಲಲ್ಲಿ ನೀಲಂ ಮರಗಳಲ್ಲಿ ಮಾತ್ರ ಕಾಯಿ ಉಳಿದಿದ್ದವು. ಮಳೆ ತೊಳೆದ ಎಲೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು.

ಅತ್ತೆಯ ಹೆಸರು ನಾರಾಯಣಮ್ಮ. ಅರವತ್ತು ದಾಟಿದೆ. ತೋಪಿನ ಅಂಚಿನಲ್ಲಿ ಸೋಗೆಯ ಚಪ್ಪರದ ಕೆಳಗೆ ಕೂತು ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದಳು. ಎಳೆಯ ಸಸಿಯ ತಲೆ ಕತ್ತರಿಸಿ, ಸೀಳಿ, ಒಳ್ಳೆ ಜಾತಿಯ ಕಡ್ಡಿಯನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕುತ್ತಾಳೆ. ಮಳೆಗಾಲ ಅದಕ್ಕೆ ಸರಿಯಾದ ಕಾಲ. ಅವಳ ಬೆರಳುಗಳು ಕಟ್ಟುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಸುಮ್ಮನೆ ನಿಂತು ನೋಡಬೇಕೆನಿಸಿತು. ಅವಳು ಕಟ್ಟಿದ ಸಸಿಗಳು ಈ ಕಡೆಯ ಎಷ್ಟೋ ತೋಪುಗಳಲ್ಲಿ ಮರಗಳಾಗಿವೆ.

"ಏಮ್ಮಾ ಮಂಜಾ, ಒಂದ್ ಮಾತು ಹೇಳ್ದೆ ಬಂದಿದೀಯ. ಊಟಕ್ಕೆ ಏನೂ ಮಾಡಿಲ್ಲ ನಾನು" ಎಂದಳು. ಏನೂ ಮಾಡಿಲ್ಲ ಎಂದವಳ ಮನೆಯಲ್ಲಿ ಬಿಸಿ ಮುದ್ದೆ, ಮಾವಿನಕಾಯಿ ಹಾಕಿದ ಬೇಳೆ ಪಪ್ಪು, ಕರಿದ ಸಂಡಿಗೆ ಇದ್ದವು. ಮಾವ ನನಗೆ ಬಡಿಸಿ, ತಾವೂ ಉಂಡು ತೋಪಿಗೆ ನೀರು ನೋಡಲು ಹೋದರು. ನಾನು ಅತ್ತೆಯ ಜೊತೆ ಚಪ್ಪರಕ್ಕೆ ವಾಪಸ್ ಬಂದು ಎಲ್ಲವನ್ನೂ ಹೇಳಿದೆ.

"ಒಂದೇ ಸೀಟು ಅಂದ್ರೆ ಮುನಿರಾಜು ಹೋಗ್ಲಿ. ಎದೆ ಕೊಯ್ಸಿಕೊಂಡು ಬದುಕಿ ಬಂದಿದಾನೆ. ನಂದೇನು, ಗಟ್ಟಿಯಾಗಿದೀನಿ" ಎಂದಳು ಅತ್ತೆ ಕೈ ನಿಲ್ಲಿಸದೆ.

"ಅವರು ನಿನ್ನ ಕರ್ಕೊಂಡು ಹೋಗು ಅಂದ್ರು ಅತ್ತೆ. ಅಕ್ಕ ಅವರನ್ನ ಅಂದ್ಲು. ನೀನು ಹಿಂಗಂತೀಯ. ಹಿಂಗೇ ಆದ್ರೆ ನಾನೊಬ್ಬಳೇ ಹೋಗಬೇಕು."

ಅತ್ತೆಗೆ ನಗು ಬಂತು. ಇನ್ನೊಂದು ಸಸಿ ತೆಗೆದುಕೊಂಡು ಕಟ್ಟಿ ಮುಗಿಸಿದಳು. ಆಮೇಲೆ, "ನಾಲ್ಕು ಜನಕ್ಕೆ ಕೊಂಡ್ಕೋಬೇಕು ಅಂದ್ಯಲ್ಲ, ಆ ಪಾಯಿಂಟು ಇಟ್ಕೊಂಡ್ರೆ ಕೆಡುತ್ತಾ?" ಎಂದು ಕೇಳಿದಳು.

"ಕೆಡುತ್ತೆ. ಬಹಳ ದಿನ ಇಟ್ಕೊಳ್ಳೋಕಾಗಲ್ಲ. ಬೆಲೆನೂ ಇಳಿದುಹೋಗಬಹುದು."

"ಹಂಗಾದ್ರೆ ಹಣ್ಣಿನಂಗೇ. ಯಾವತ್ತು ಸೀಟು ಇದೆ, ನೋಡು."

ಗಣೇಶನ ಹಬ್ಬ ಮುಗಿದ ಮೇಲೆ, ಪಿತೃಪಕ್ಷ ಹಿಡಿಯುವ ಮೊದಲು ಎಂದು ಅತ್ತೆ ಗಡಿ ಹಾಕಿದಳು. ಪಿತೃಪಕ್ಷದಲ್ಲಿ ಅವಳು ಊರು ಬಿಡುವುದಿಲ್ಲ. ನಾನು ಫೋನಿನಲ್ಲಿ ಒಂದೊಂದೇ ದಿನ ಒತ್ತಿ ನೋಡಿದೆ. ಕೆಲವು ದಿನ ಪಾಯಿಂಟಿಗೆ ಸೀಟೇ ಇರಲಿಲ್ಲ, ಕೆಲವು ದಿನ ಎರಡರಷ್ಟು ಕೇಳುತ್ತಿದ್ದರು. ಒಂದು ಬುಧವಾರ ಹೋಗಲು, ಮುಂದಿನ ಸೋಮವಾರ ಬರಲು ನಾಲ್ಕು ಸೀಟು ಇದ್ದವು. ಅತ್ತೆಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದಳು.

"ಹಸು ಈಯ್ದೆ ಇದ್ರೆ?"

"ರದ್ದು ಮಾಡಿ ಬೇರೆ ದಿನ ನೋಡೋದು. ಪಾಯಿಂಟು ಪೂರ್ತಿ ವಾಪಸ್ ಬರುತ್ತೆ. ಆದ್ರೆ ಬೇರೆ ದಿನ ಸೀಟು ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ ಅತ್ತೆ, ಅದನ್ನೂ ಹೇಳಿಬಿಡ್ತೀನಿ."

"ನೋಡೋಣ" ಎಂದಳು ಅತ್ತೆ.

ನನ್ನ ಉತ್ಸಾಹ ಕುಸಿಯಿತು. ನಮ್ಮ ಮನೆಯಲ್ಲಿ "ನೋಡೋಣ" ಎಂದರೆ ಬಹಳ ಸಲ ಬೇಡ ಎಂದೇ ಅರ್ಥ. ಸಂಕೋಚ ಇರಬಹುದು, ನನ್ನ ದುಡ್ಡು ಖರ್ಚಾಗುವುದು ಇಷ್ಟವಿಲ್ಲದಿರಬಹುದು, ಅಷ್ಟೆತ್ತರ ಹಾರುವ ಭಯವೂ ಇರಬಹುದು. ಒತ್ತಾಯ ಮಾಡಬಾರದೆಂದು ಫೋನು ಚೀಲಕ್ಕೆ ಹಾಕಿದೆ. ಅತ್ತೆ ಒಬ್ಬಳು ಬರದಿದ್ದರೆ ಉಳಿದಿಬ್ಬರೂ ಒಪ್ಪುವುದಿಲ್ಲ. ಆಗ ಹದಿನೇಳು ಸಾವಿರ ಕೊಟ್ಟು ಕೊಂಡ ಪಾಯಿಂಟ್‌ಗಳನ್ನು ನಾನು ಇಂದೋರಿಗೋ ಪುಣೆಗೋ ಸುರಿಯಬೇಕು. ಅಂಥದ್ದಕ್ಕೆ ಕೊಳ್ಳುವುದು ದಂಡ.

ಸಂಜೆ ನಾಲ್ಕರ ಬಸ್ಸಿಗೆ ಅತ್ತೆ ರಸ್ತೆಯವರೆಗೂ ಬಂದಳು. ಕೈಯಲ್ಲಿ ನೀಲಂ ಹಣ್ಣಿನ ಚೀಲ. ನಿಲ್ದಾಣದ ಅರಳಿಮರದ ಕೆಳಗೆ ಎದುರು ಮನೆಯ ರಾಧಮ್ಮ ಕೊತ್ತಂಬರಿ ಸೊಪ್ಪಿನ ಕಟ್ಟುಗಳನ್ನು ಮೂಟೆ ಕಟ್ಟಿಕೊಂಡು ಎದುರು ದಿಕ್ಕಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಬಸ್ಸು ಬಂತು. ನಾನು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಮೇಲೆ ಯಾರದೋ ಮೂಟೆಗಳನ್ನು ಹಾಕುತ್ತಿದ್ದುದರಿಂದ ಡ್ರೈವರ್ ಹೊರಡಲಿಲ್ಲ. ನಾನು ಆಗಲೇ ಒಳಗೆ ಹೋಗಿ ಕೂತೆನೆಂದು ಅತ್ತೆ ರಾಧಮ್ಮನ ಕಡೆ ತಿರುಗಿದ್ದಳು. ಕಿಟಕಿ ತೆರೆದಿತ್ತು. ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸೆಪ್ಟೆಂಬರ್‌ಲೋ ನೇನು ಊರ್ಲೋ ಉಂಡನು ರಾಧಮ್ಮಾ. ಆಪಿಲ್ ಚೆಟ್ಲು ಚೂಸೇದಾನ್ಕಿ ಪೋತಾ ಉಂಡಾ."

ಸೆಪ್ಟೆಂಬರಿನಲ್ಲಿ ತಾನು ಊರಲ್ಲಿರುವುದಿಲ್ಲ, ಸೇಬಿನ ಮರ ನೋಡಲು ಹೋಗುತ್ತಿದ್ದೇನೆ ಎಂದು ಅತ್ತೆ ಹೇಳುತ್ತಿದ್ದಳು. ಏತರಲ್ಲಿ ಎಂದು ರಾಧಮ್ಮ ಕೇಳಿದಳು. ವಿಮಾನದಲ್ಲಿ, ಮುನಿರಾಜುವೂ ಬರುತ್ತಾನೆ, ಭಾಗ್ಯಳೂ ಬರುತ್ತಾಳೆ, ಹಸು ಈಯುವುದನ್ನು ನೋಡಿಕೊಂಡು ಹೊರಡುತ್ತೇವೆ ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು, ನನ್ನೆದುರು ಒಂದಿಷ್ಟೂ ತೋರಿಸದೆ ಇಟ್ಟುಕೊಂಡಿದ್ದ ಹೆಮ್ಮೆ.

ನಾನು ಫೋನು ತೆಗೆದೆ. ಬೇಕಾದಷ್ಟೇ ಪಾಯಿಂಟ್ ಹಾಕಿ, ದುಡ್ಡು ಕಟ್ಟುವಲ್ಲಿ ಒತ್ತಿದೆ. ಬ್ಯಾಂಕಿನ ಓಟಿಪಿ ಬರಲು ಹೊತ್ತಾಯಿತು. ತೋಪುಗಳ ನಡುವೆ ಸಿಗ್ನಲ್ ಒಂದೇ ಗೆರೆ. ಮೇಲೆ ಮೂಟೆಗಳು ಧೊಪ್ಪೆಂದು ಬೀಳುತ್ತಿದ್ದವು. ಕೊನೆಗೆ ಪಾಯಿಂಟ್‌ಗಳು ಬಂದು ಕೂತವು. ಬುಧವಾರದ ನಾಲ್ಕು ಸೀಟು ಇನ್ನೂ ಹಾಗೇ ಇದ್ದವು. ನಾಲ್ಕನ್ನೂ ಹಿಡಿದು, ಹೆಸರುಗಳನ್ನು ತುಂಬಿ, ತೆರಿಗೆ ಕಟ್ಟಿದೆ.

ಕಂಡಕ್ಟರ್ ಸೀಟಿ ಊದಿದರು. ಬಸ್ಸು ಕೋಲಾರದ ಕಡೆಗೆ ತಿರುಗಿತು. ಸಣ್ಣ ಮಳೆ ಮತ್ತೆ ಶುರುವಾಗಿತ್ತು. ಹಿಂದಿನ ಗಾಜಿನಲ್ಲಿ ನೋಡಿದೆ. ಅತ್ತೆ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಇನ್ನೂ ಅಲ್ಲೇ ನಿಂತಿದ್ದಳು. ಒಂದು ಕೈಯನ್ನು ತಲೆಗಿಂತ ಮೇಲಕ್ಕೆತ್ತಿ, ತಾನಿನ್ನೂ ಕಾಣದ ಮರ ಎಷ್ಟೆತ್ತರ ಇರುತ್ತದೆಂದು ರಾಧಮ್ಮನಿಗೆ ತೋರಿಸುತ್ತಿದ್ದಳು.